ಅಧ್ಯಕ್ಷೆ ನಾನು, ಫೋನ್ ಹೋಗುವುದು ಗಂಡನಿಗೆ

ಪ್ರಶ್ನೆ: ಮೇಡಂ, ನಾನು ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ವಯಸ್ಸು 36, ಬಿಕಾಂ ಓದಿದ್ದೇನೆ. ಮಹಿಳಾ ಮೀಸಲಾತಿ ಬಂತು ಅಂತ ಮನೆಯವರೇ ನನ್ನನ್ನು ನಿಲ್ಲಿಸಿದರು, ಗೆದ್ದೆ. ಆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಫೋನ್ ಮಾಡುವುದು ನನ್ನ ಗಂಡನಿಗೆ. ಸಭೆಯಲ್ಲಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಮಾತಾಡುವುದೂ ಅವರೇ. ಅವರು ಕೆಟ್ಟವರಲ್ಲ. ನನಗೆ ಕಷ್ಟ ಆಗಬಾರದು ಅಂತಲೇ ಮಾಡುತ್ತಾರೆ. ಪುತ್ತರಿ ಹಬ್ಬಕ್ಕೆ ನಮ್ಮ ಹಿರಿಯರ ಮೂಲಮನೆಯಾದ ಐನ್‌ಮನೆಗೆ ಹೋದಾಗ ಈ ಮಾತು ಎತ್ತಿದೆ. ನಮ್ಮ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೆದಾರರು, "ನೋಡಮ್ಮಾ, ನಮ್ಮಲ್ಲಿ ಹೆಂಗಸರು ಊರು ನಡೆಸುವ ತಕ್ಕರಾಗಿದ್ದಿಲ್ಲ, ಪಟ್ಟೆದಾರರಾಗಿದ್ದಿಲ್ಲ. ನಮ್ಮ ಕೊಡಗಿನ ರಾಜ ದೊಡ್ಡ ವೀರರಾಜ ಮಗಳನ್ನು ಪಟ್ಟಕ್ಕೆ ಕೂರಿಸಿದ. ಕೊನೆಗೆ ಏನಾಯಿತು? ಕೊಡಗೇ ಕೈಬಿಟ್ಟು ಹೋಯಿತು" ಅಂದರು. ನನ್ನ ಮೈದುನ ಅದಕ್ಕೆ ಉಲ್ಟಾ. "ಹಿಂದೆ ಎಲ್ಲ ಕಡೆ ರಾಣಿಯರು ಆಳುತ್ತಿದ್ದರು, ಕತ್ತಿ ಹಿಡಿಯುತ್ತಿದ್ದರು. ಈಗಿನವರಿಗೆ ಧೈರ್ಯ ಇಲ್ಲ ಅಷ್ಟೆ" ಅಂದ. ಯಾವುದು ನಿಜ? ರಾಜೀನಾಮೆ ಕೊಟ್ಟುಬಿಡೋಣ ಅನಿಸುತ್ತಿದೆ. ಮನೆ ಒಡೆಯದ ಹಾಗೆ ಬೇರೆ ದಾರಿ ಇದೆಯಾ?
(ಹೆಸರು ಬೇಡ, ವಿರಾಜಪೇಟೆ ಕಡೆ)

ಉತ್ತರ: "ಅವರು ಕೆಟ್ಟವರಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲಿನ ಹತ್ತಿರ ನಿಂತುಬಿಟ್ಟೆ. ನಾನು 24 ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ನಿವೃತ್ತಿಯಾದ ಮೇಲೆ ಪಂಚಾಯಿತಿ ಸದಸ್ಯೆಯರ ತರಬೇತಿಗಳಿಗೆ ಹೋಗಿ ಮಾತಾಡುತ್ತಿದ್ದೇನೆ. ಅಲ್ಲಿ ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಮಾತು ಶುರು ಮಾಡುವ ಹೆಣ್ಣುಮಕ್ಕಳು ಮೊದಲು ಹೇಳುವುದು ಇದನ್ನೇ. ಗಂಡನ ಮೇಲೆ ದೂರು ಹೇಳುವ ಮನಸ್ಸು ಅವರಿಗಿರುವುದಿಲ್ಲ. ತಮ್ಮ ಕೆಲಸ ತಮ್ಮ ಕೈಗೆ ಬರಬೇಕು ಅಂತ ಮಾತ್ರ ಇರುತ್ತದೆ. ನಿಮ್ಮದೂ ಅದೇ ಅಲ್ವಾ?

ನಿಮ್ಮ ಪತ್ರದಲ್ಲಿ ಒಂದು ಹಳೆಯ ಪ್ರಶ್ನೆ ಇದೆ, ಒಂದು ಇವತ್ತಿನದು. ನಿಮ್ಮ ಪಟ್ಟೆದಾರರು ಹಳೆಯದನ್ನು ಮುಂದಿಟ್ಟು ಇವತ್ತಿನದನ್ನು ಅಲ್ಲಿಗೇ ನಿಲ್ಲಿಸಿದರು. ಹಾಗಾಗಿ ನಾನೂ ಹಳೆಯದರಿಂದಲೇ ಶುರು ಮಾಡುತ್ತೇನೆ. ಇವತ್ತಿನದಕ್ಕೆ ಬೇಕಾದ ಒಂದು ಸುಳಿವು ಅಲ್ಲೇ ಸಿಗುತ್ತದೆ.

ಮೊದಲು ದೇವಮ್ಮಾಜಿ. ದೊಡ್ಡ ವೀರರಾಜೇಂದ್ರನಿಗೆ ಪಟ್ಟಕ್ಕೆ ಬರುವ ಗಂಡು ಮಕ್ಕಳಿರಲಿಲ್ಲ. ರಾಣಿ ಮಹದೇವಮ್ಮಾಜಿಯ ಮಗಳು ದೇವಮ್ಮಾಜಿಗೆ ರಾಜ್ಯ ಸಿಗಬೇಕು ಎಂದು ಅವನು ತೀರ್ಮಾನಿಸಿದ. ಇದನ್ನು ಬ್ರಿಟಿಷರಿಗೂ ಬರೆದು ತಿಳಿಸಿದ್ದ. 1809ರಲ್ಲಿ ಅವನು ತೀರಿಕೊಂಡ. ದೇವಮ್ಮಾಜಿ ಪಟ್ಟಕ್ಕೆ ಬಂದಳು. ಆಗ ಅವಳಿನ್ನೂ ಮಗು. ರಾಜ್ಯದ ಕೆಲಸ ನೋಡಿಕೊಳ್ಳಲು ಚಿಕ್ಕಪ್ಪ ಲಿಂಗರಾಜ ಬಂದ. 1811ರ ಹೊತ್ತಿಗೆ ಅವನೇ ರಾಜನಾದ. ಬ್ರಿಟಿಷರು ತಡೆಯಲಿಲ್ಲ. 1820ರವರೆಗೆ ಅವನು ಆಳಿದ. ಆಮೇಲೆ ಅವನ ಮಗ ಚಿಕ್ಕವೀರರಾಜೇಂದ್ರ. ಕೊಡಗು ಬ್ರಿಟಿಷರ ಕೈಗೆ ಹೋದದ್ದು 1834ರಲ್ಲಿ, ಈ ಚಿಕ್ಕವೀರರಾಜನ ಕಾಲದಲ್ಲಿ. ಅಂದರೆ ದೇವಮ್ಮಾಜಿಯನ್ನು ಪಟ್ಟದಿಂದ ಇಳಿಸಿ 20 ವರ್ಷ ದಾಟಿದ ಮೇಲೆ. ನಡುವೆ ಆಳಿದವರು ಇಬ್ಬರು ಗಂಡಸರು.

ಹಾಗಾದರೆ "ಮಗಳಿಂದ ಕೊಡಗು ಹೋಯಿತು" ಅನ್ನುವ ಮಾತು ಎಲ್ಲಿಂದ ಬಂತು? ನನಗೆ ಅನಿಸುವುದು, ಒಂದೇ ಹೆಸರಿನ ಇಬ್ಬರು ಬೆರೆತುಹೋಗಿದ್ದಾರೆ. ಚಿಕ್ಕವೀರರಾಜನಿಗೆ ಒಬ್ಬ ತಂಗಿ ಇದ್ದಳು. ಅವಳ ಹೆಸರೂ ದೇವಮ್ಮಾಜಿ. ಗಂಡ ಚೆನ್ನಬಸಪ್ಪನ ಜೊತೆ ಅವಳು ಅಣ್ಣನಿಗೆ ಹೆದರಿ ಕೊಡಗು ಬಿಟ್ಟು ಓಡಿದಳು, ಮೈಸೂರಿಗೆ ಹೋಗಿ ಬ್ರಿಟಿಷರ ಆಶ್ರಯ ಪಡೆದಳು. ರಾಜನಿಗೂ ಬ್ರಿಟಿಷರಿಗೂ ಜಗಳ ಬಿಗಿಯಾಗಲು ಅದೂ ಒಂದು ಕಾರಣವಾಯಿತು. ಆದರೆ ಅವಳು ಆಳಲೂ ಇಲ್ಲ, ಆಳಬೇಕಾದವಳೂ ಅಲ್ಲ. ಜೀವ ಉಳಿಸಿಕೊಂಡವಳು. ಪಟ್ಟಕ್ಕೆ ಕೂತ ಮಗು ಬೇರೆ, ಊರು ಬಿಟ್ಟ ತಂಗಿ ಬೇರೆ. ಇಬ್ಬರನ್ನೂ ಸೇರಿಸಿ ಒಬ್ಬಳ ತಲೆಗೆ ಕಟ್ಟಿದರೆ ಇಬ್ಬರಿಗೂ ಅನ್ಯಾಯ.

ನಾನು ವಿದ್ಯಾರ್ಥಿಗಳನ್ನು ಮಡಿಕೇರಿಯ ಗದ್ದುಗೆಗೆ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡ ವೀರರಾಜ ಮತ್ತು ಮಹದೇವಮ್ಮಾಜಿಯ ಸಮಾಧಿ ಅಲ್ಲಿದೆ. ಹತ್ತಿರದಲ್ಲೇ ಲಿಂಗರಾಜನದು. ಅಲ್ಲಿ ನಿಂತು ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆ: ಅಪ್ಪ ಕೊಟ್ಟ ಪಟ್ಟ, ಬ್ರಿಟಿಷರಿಗೆ ಬರೆದ ಕಾಗದ, ಪ್ರಜೆಗಳ ಮುಂದೆ ಆದ ಘೋಷಣೆ, ಎಲ್ಲವೂ ಇದ್ದ ಆ ಹುಡುಗಿ ಯಾಕೆ ಉಳಿಯಲಿಲ್ಲ? ಮಕ್ಕಳು "ಹೆಣ್ಣು ಅಂತ" ಅನ್ನುತ್ತಿದ್ದರು. ಅದು ಅರ್ಧ ಉತ್ತರ. ಉಳಿದರ್ಧ ಏನೆಂದರೆ, ಪಟ್ಟ ಅವಳದಾಗಿತ್ತು, ಹುಕುಂ ಚಿಕ್ಕಪ್ಪನದಾಗಿತ್ತು. ಯಾರು ಹುಕುಂ ಕೊಡುತ್ತಾರೋ, ಯಾರ ಕೈಯಿಂದ ಮುದ್ರೆ ಬೀಳುತ್ತದೋ, ಜನ ಅವರ ಮನೆಯ ಬಾಗಿಲಿಗೇ ಹೋಗುತ್ತಾರೆ. ಹೀಗೆ ಎರಡು ಮಳೆಗಾಲ ಕಳೆದರೆ ಸಾಕು, ಪಟ್ಟ ತಾನಾಗಿ ಅತ್ತ ಸರಿಯುತ್ತದೆ.

ಈ ಮಾತು ನೆನಪಿಟ್ಟುಕೊಳ್ಳಿ. ನಿಮ್ಮ ಪಂಚಾಯಿತಿಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಈಗ ನಿಮ್ಮ ಮೈದುನನ ಮಾತು. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಅದೂ ಸರಿಯಲ್ಲ. ಹಿಂದೆ ಎಲ್ಲ ಕಡೆ ರಾಣಿಯರು ಆಳುತ್ತಿರಲಿಲ್ಲ. ಆಳಿದವರು ಕೆಲವರೇ, ಮತ್ತು ಹೆಚ್ಚಿನವರು ಬಂದದ್ದು ಒಂದೇ ದಾರಿಯಲ್ಲಿ: ಗಂಡ ಸತ್ತ, ಗಂಡು ಮಕ್ಕಳಿಲ್ಲ, ಇಲ್ಲವೇ ಮಗ ಇನ್ನೂ ಸಣ್ಣವನು. ದೆಹಲಿಯ ರಜಿಯಾ 1236ರಿಂದ 1240, ನಾಲ್ಕೇ ವರ್ಷ. ಕಾಕತೀಯರ ರುದ್ರಮದೇವಿಗೆ ಅಣ್ಣ ತಮ್ಮಂದಿರಿರಲಿಲ್ಲ. ಕೆಳದಿಯ ಚೆನ್ನಮ್ಮ ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 25 ವರ್ಷ ಆಳಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರು ಹಾಕಿಕೊಂಡಳು. ವೇದ ಕಾಲದಲ್ಲಿ ಗಾರ್ಗಿ ಇದ್ದಳು ಅಂತ ಸಭೆಗಳಲ್ಲಿ ಹೇಳುತ್ತಾರೆ. ಇದ್ದಳು, ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನಿಗೆ ಪ್ರಶ್ನೆ ಹಾಕಿದಳು. ಇನ್ನೂ ಕೇಳಿದರೆ ತಲೆ ಉರುಳೀತು ಎಂಬ ಮಾತನ್ನೂ ಕೇಳಿಸಿಕೊಂಡಳು. ಈಜಿಪ್ಟಿನಲ್ಲಿ 3,400 ವರ್ಷಕ್ಕೂ ಹಿಂದೆ ಹಟ್‌ಶೆಪ್‌ಸುಟ್ ಸುಮಾರು 20 ವರ್ಷ ಫೇರೋ ಆಗಿ ಚೆನ್ನಾಗಿ ಆಳಿದಳು. ಅವಳು ಸತ್ತ ಮೇಲೆ ಕಲ್ಲುಗಳ ಮೇಲಿದ್ದ ಅವಳ ಹೆಸರನ್ನೇ ಉಳಿ ಹಿಡಿದು ಕೆತ್ತಿ ತೆಗೆದರು.

ರಾಣಿಯರ ಕತೆಗಳನ್ನು ಎತ್ತಿ ಹಿಡಿದು ಇವತ್ತಿನ ಹೆಂಗಸರಿಗೆ "ನಿನಗೆ ಧೈರ್ಯ ಇಲ್ಲ" ಅನ್ನುವುದು ನನಗೆ ನೋವು ಕೊಡುತ್ತದೆ. ಆ ರಾಣಿಯರಿಗೆ ಧೈರ್ಯ ಇತ್ತು, ನಿಜ. ಜೊತೆಗೆ ಕೋಟೆ ಇತ್ತು, ಖಜಾನೆ ಇತ್ತು, ಹೇಳಿದ ಮಾತು ಕೇಳುವ ಆಳುಗಳಿದ್ದರು. ನಿಮಗೆ ಬರೀ ಧೈರ್ಯ ತಂದುಕೋ ಅಂದರೆ ಹೇಗೆ?

ರಾಣಿಯರನ್ನು ಬಿಟ್ಟು ನಿಮ್ಮ ಹಾಗೆ ಊರಿನ ಆಡಳಿತ ಮಾಡಿದ ಇಬ್ಬರ ಕತೆ ಹೇಳುತ್ತೇನೆ. ನನಗೆ ಇವರೇ ಜಾಸ್ತಿ ಇಷ್ಟ.

ಒಬ್ಬಳು ಜಕ್ಕಿಯಬ್ಬೆ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ಶಿಕಾರಿಪುರದ ಹತ್ತಿರ ಬಂದಳಿಕೆ ಎಂಬ ಊರಿದೆ. ಅಲ್ಲಿನ ಶಾಸನ ಅವಳ ಕತೆ ಹೇಳುತ್ತದೆ. ಅವಳ ಗಂಡ ಸತ್ತರಸ ನಾಗಾರ್ಜುನ, ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡ. ಅಂದರೆ 70 ಹಳ್ಳಿಗಳ ನಾಡಿಗೆ ಮುಖ್ಯಸ್ಥ. ಅವನು ತೀರಿಕೊಂಡಾಗ ಆ ನಾಳ್ಗಾವುಂಡಿಕೆಯನ್ನು ಜಕ್ಕಿಯಬ್ಬೆಗೇ ಕೊಟ್ಟರು. ಅವಳು ಆಳಿದಳು. ಹೆಣ್ಣಾದರೂ ವೀರದಲ್ಲಿ ಕಮ್ಮಿ ಇರಲಿಲ್ಲ ಎಂಬ ಅರ್ಥದ ಹೊಗಳಿಕೆ ಶಾಸನದಲ್ಲಿದೆ. ಕೊನೆಗೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಊಟ ಬಿಡುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ತಾಯಿಯಿಂದ ಮಗಳಿಗೆ ಊರಿನ ಅಧಿಕಾರ ಹೋದ ಈ ಸಾಲು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸಾವಿರ ವರ್ಷದ ಹಿಂದಿನ ಮಾತು ಇದು.

ಇನ್ನೊಬ್ಬಳು ಅಕ್ಕಾದೇವಿ. ಕಲ್ಯಾಣದ ಚಾಲುಕ್ಯರ ಜಯಸಿಂಹನ ಸೋದರಿ, 11ನೇ ಶತಮಾನದವಳು. ಕಿಸುಕಾಡು ನಾಡನ್ನು ಬಹಳ ವರ್ಷ ಆಳಿದಳು. ಗೋಕಾಗೆ, ಅಂದರೆ ಈಗಿನ ಗೋಕಾಕ, ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿದವಳು ಅಂತ ಎಲ್ಲರೂ ಅವಳ ಯುದ್ಧದ ಕತೆ ಹೇಳುತ್ತಾರೆ. ನನ್ನ ಮನಸ್ಸು ಹೋಗುವುದು ಗದಗ ಜಿಲ್ಲೆಯ ಸೂಡಿಯ ಶಾಸನದ ಕಡೆ. ಚೋಳರ ಜೊತೆಗಿನ ಯುದ್ಧದಲ್ಲಿ ಸೂಡಿ ಊರು ಹಾಳಾಗಿತ್ತು. ಊರಿನ ಹಳೆಯ ಕಟ್ಟುಪಾಡುಗಳು ಮುರಿದುಬಿದ್ದಿದ್ದವು. ಅಕ್ಕಾದೇವಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಕೂರಿಸಿಕೊಂಡು, ಊರಿನ ಎಂಟು ಸೆಟ್ಟಿಗಳಿಗೆ ಮತ್ತು ಎಂಬತ್ತು ಒಕ್ಕಲುಗಳಿಗೆ ಅವರ ಹಕ್ಕುಗಳನ್ನೂ ಕಟ್ಟಳೆಗಳನ್ನೂ ಹೊಸದಾಗಿ ಬರೆಸಿಕೊಟ್ಟಳು. ಯೋಚಿಸಿ. ಇದು ಗ್ರಾಮ ಪಂಚಾಯಿತಿಯ ಕೆಲಸವೇ ಅಲ್ವಾ? ಕೂತು ಮಾತಾಡುವುದು, ಯಾರಿಗೆ ಏನು ಸಲ್ಲಬೇಕು ಅಂತ ತೀರ್ಮಾನಿಸುವುದು, ಅದನ್ನು ಬರೆದಿಡುವುದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರ ಪಟ್ಟಿ ಮಾಡುತ್ತಾ ನಮ್ಮ ಪಂಚಾಯಿತಿ ಹೆಣ್ಣುಮಕ್ಕಳು ರಾತ್ರಿಯೆಲ್ಲ ಕೂತಿದ್ದನ್ನು ನೋಡಿದಾಗ ನನಗೆ ಸೂಡಿ ನೆನಪಾಗಿತ್ತು.

ಕೊಡಗಿನಲ್ಲಿ ಇಂಥವರು ಇಲ್ಲವೇ ಇಲ್ಲವಾ ಅಂತ ನೀವು ಕೇಳಬಹುದು. ಶನಿವಾರಸಂತೆ ಹತ್ತಿರದ ಮುಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಬಸದಿಗಳ 11ನೇ ಶತಮಾನದ ಶಾಸನಗಳಲ್ಲಿ ಕೊಂಗಾಳ್ವ ರಾಜನ ತಾಯಿ ಪೋಚಬ್ಬರಸಿಯ ಹೆಸರಿದೆ. ಅವಳು ರಾಜ್ಯ ಆಳಿದಳು ಅಂತ ನಾನು ಹೇಳುವುದಿಲ್ಲ. ಆದರೆ ಧರ್ಮದ ಕೆಲಸಕ್ಕೆ ತನ್ನ ಹೆಸರಿನಲ್ಲೇ ಖರ್ಚು ಮಾಡಿದಳು, ಅದು ಕಲ್ಲಿನ ಮೇಲೆ ಅವಳ ಹೆಸರಿನಲ್ಲೇ ಉಳಿದಿದೆ. ಇನ್ನು ನಿಮ್ಮ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು. ಅಲ್ಲಿನ ಅರಕ್ಕಲ್ ಮನೆತನದಲ್ಲಿ ಹೆಣ್ಣಾಗಲಿ ಗಂಡಾಗಲಿ, ಮನೆಯ ಹಿರಿಯರೇ ಆಳುವ ಪದ್ಧತಿ. ದೊಡ್ಡ ವೀರರಾಜ ಇಲ್ಲಿ ರಾಜನಾಗಿದ್ದ ಕಾಲದಲ್ಲಿ ಅಲ್ಲಿ ಆಳುತ್ತಿದ್ದವಳು ಒಬ್ಬ ಬೀವಿ, ಅಂದರೆ ಆ ಮನೆತನದ ರಾಣಿ. 1790ರಲ್ಲಿ ಬ್ರಿಟಿಷ್ ಸೇನಾಪತಿ ಅಬರ್‌ಕ್ರಾಂಬಿ ಕಣ್ಣೂರಿನ ಕೋಟೆ ಹಿಡಿದಾಗ ಎದುರಿಗಿದ್ದವಳು ಅವಳೇ. ಅದೇ ಸೈನ್ಯ ಆಮೇಲೆ ಘಾಟಿ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣಕ್ಕೆ ಹೋಯಿತು. ಮಗಳಿಗೆ ಪಟ್ಟ ಕೊಡುವ ಯೋಚನೆ ಈ ಕಡೆಯವರಿಗೆ ಕೇಳದ ಮಾತೇನೂ ಆಗಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮಲಬಾರಿನಲ್ಲಿ ಮರುಮಕ್ಕತ್ತಾಯಂ, ತುಳುನಾಡಿನಲ್ಲಿ ಅಳಿಯಸಂತಾನ ಇತ್ತು, ಹಾಗಾಗಿ ಅಲ್ಲಿ ಹೆಂಗಸರದೇ ರಾಜ್ಯ ಅಂತ ಕೆಲವರು ಹೇಳುತ್ತಾರೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಅದರ ಲೆಕ್ಕಪತ್ರ ನೋಡುತ್ತಿದ್ದವನು ಸಾಮಾನ್ಯವಾಗಿ ಸೋದರಮಾವ. ಹೆಸರು ಒಬ್ಬರದು, ಕೀಲಿಕೈ ಇನ್ನೊಬ್ಬರದು. ಉಳ್ಳಾಲದ ಅಬ್ಬಕ್ಕ, ಬಾರಕೂರಿನಿಂದ ಆಳಿದ ಆಳುಪರ ಬಲ್ಲಮಹಾದೇವಿ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಇವರೆಲ್ಲ ಕೀಲಿಕೈಯನ್ನೂ ತಾವೇ ಇಟ್ಟುಕೊಂಡವರು. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ. ಮೆಣಸಿನ ವ್ಯಾಪಾರದ ಹಿಡಿತ ಅವಳ ಕೈಯಲ್ಲಿತ್ತು.

ತಕ್ಕ, ಪಟ್ಟೆದಾರರ ವಿಷಯದಲ್ಲಿ ನಿಮ್ಮ ಹಿರಿಯರು ಹೇಳಿದ್ದು ನಿಜ. ಆ ಸ್ಥಾನಗಳು ಗಂಡಸರಿಗೇ ನಡೆದುಬಂದಿವೆ. ಅದನ್ನು ಅಲ್ಲಗಳೆಯಬೇಡಿ, ಬೇಕಿಲ್ಲ. ಆದರೆ ನಮ್ಮ ಪದ್ಧತಿಯಲ್ಲಿ ಹೆಣ್ಣಿಗೆ ಏನೂ ಇರಲಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಕೊಡವರಲ್ಲಿ ವಿಧವೆಗೆ ಮರುಮದುವೆ ಹಿಂದಿನಿಂದಲೂ ಇತ್ತು. ಒಕ್ಕದಲ್ಲಿ ಗಂಡು ಮಕ್ಕಳಿಲ್ಲದಿದ್ದರೆ ಒಕ್ಕ ಪರಿಜೆ, ಮಕ್ಕ ಪರಿಜೆ ಎಂಬ ಮದುವೆಗಳಿದ್ದವು. ಆಗ ಒಕ್ಕದ ಹೆಸರು ಉಳಿಯುತ್ತಿದ್ದದ್ದು ಮಗಳಿಂದ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಕ್ಕರ ಸ್ಥಾನ ಬರುವುದು ಒಕ್ಕದಿಂದ, ಪರಂಪರೆಯಿಂದ. ನಿಮ್ಮ ಸ್ಥಾನ ಬಂದದ್ದು ಮತಪೆಟ್ಟಿಗೆಯಿಂದ. ನಿಮಗೆ ಓಟು ಹಾಕಿದವರಲ್ಲಿ ನಿಮ್ಮ ಒಕ್ಕದವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಮಾಪಿಳ್ಳೆಗಳಿದ್ದಾರೆ, ತೋಟದ ಲೈನ್ ಮನೆಗಳಲ್ಲಿರುವ ಯರವರಿದ್ದಾರೆ. ಅಷ್ಟೂ ಜನ ಸೇರಿ ಕೊಟ್ಟದ್ದನ್ನು ಒಂದು ಐನ್‌ಮನೆಯ ನಡುಮನೆ ನೆಲ್ಲಕ್ಕಿಯಲ್ಲಿ ಕೂತು ತೂಗುವುದು ಆಗದು. ಪಟ್ಟೆದಾರರಿಗೆ ಗೌರವ ಕೊಟ್ಟೇ ಇದನ್ನು ಹೇಳಬಹುದು. "ನಾನು ತಕ್ಕಮೆ ಕೇಳುತ್ತಿಲ್ಲ, ಪಂಚಾಯಿತಿ ಕೆಲಸ ಮಾಡಲು ಬಿಡಿ ಅಂತ ಕೇಳುತ್ತಿದ್ದೇನೆ" ಅನ್ನಿ.

ಈಗ ಇವತ್ತಿನ ಪ್ರಶ್ನೆ. ಕರ್ನಾಟಕದಲ್ಲಿ ಪಂಚಾಯಿತಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1987ರಲ್ಲಿ. ಆಗ 25% ಮೀಸಲಾತಿ, ಇಡೀ ದೇಶಕ್ಕಿಂತ ಮೊದಲು. ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರರಲ್ಲಿ ಒಂದು ಪಾಲು ದೇಶಕ್ಕೆಲ್ಲ ಬಂತು. 2010ರಲ್ಲಿ ನಮ್ಮ ರಾಜ್ಯ ಅದನ್ನು 50% ಮಾಡಿತು. ವಿಧಾನಸಭೆ ಮತ್ತು ಲೋಕಸಭೆಗೆ 33% ಮೀಸಲಾತಿಯ ತಿದ್ದುಪಡಿ 2023ರಲ್ಲಿ ಆಯಿತು. ಮೀಸಲಾತಿಯಿಂದ ಬಂದವರು ಅಂದರೆ ಕೀಳು ಅಂತ ಯಾರಾದರೂ ಅಂದರೆ, ದೇವಮ್ಮಾಜಿಯನ್ನು ನೆನಪಿಸಿಕೊಳ್ಳಿ. ಅವಳಿಗೆ ಕುರ್ಚಿ ಕೊಟ್ಟರು, ಅದನ್ನು ಉಳಿಸುವ ಕಾನೂನು ಇರಲಿಲ್ಲ. ನಿಮಗೆ ಕಾನೂನು ಇದೆ.

ಹಾಗಿದ್ದೂ ಫೋನ್ ಯಾಕೆ ಗಂಡನಿಗೆ ಹೋಗುತ್ತದೆ? ನಾನು ನೋಡಿದ ಮಟ್ಟಿಗೆ ಶುರುವಿನಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ನಾಮಪತ್ರದ ದಿನ ಎಲ್ಲ ಕಾಗದ ಓಡಾಡಿಸಿದವರು ಗಂಡ. ಆಗ ಕೊಟ್ಟ ನಂಬರ್ ಅವರದು. ಗೆದ್ದ ಮೇಲೂ ಆಫೀಸಿನಲ್ಲಿ ಅದೇ ನಂಬರ್ ಉಳಿಯುತ್ತದೆ. ನಮ್ಮ ಕಡೆ ಮನೆಗಳು ತೋಟದೊಳಗೆ ದೂರ ದೂರ. ಜೂನ್, ಜುಲೈ ಮಳೆಯಲ್ಲಿ ಸಂಜೆ ಸಭೆ ಮುಗಿಸಿ ಒಬ್ಬರೇ ಬರುವುದು ಕಷ್ಟ, ಆನೆ ಇರುವ ಕಡೆಯಂತೂ ಇನ್ನೂ ಕಷ್ಟ. ಜೀಪ್ ಓಡಿಸುವವರು ಗಂಡ. ಹಾಗಾಗಿ ಅವರೂ ಆಫೀಸಿಗೆ ಬರುತ್ತಾರೆ. ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆ ಅಂತ ಒಳಗೆ ಕರೆಯುತ್ತಾರೆ. ಒಳಗೆ ಬಂದವರಿಗೆ ಕುರ್ಚಿ. ಕುರ್ಚಿಯಲ್ಲಿ ಕೂತವರು ಮಾತಾಡುತ್ತಾರೆ. ಗುತ್ತಿಗೆದಾರರಿಗೆ, ಕೆಲವು ಅಧಿಕಾರಿಗಳಿಗೆ ಇದು ಅನುಕೂಲ. ಒಬ್ಬ ಗಂಡಸಿನ ಹತ್ತಿರ ಚಹಾ ಕುಡಿಯುತ್ತಾ ಮಾತು ಮುಗಿಸಬಹುದು. ಆರು ತಿಂಗಳಲ್ಲಿ ಇದು ಗಟ್ಟಿಯಾಗಿಬಿಡುತ್ತದೆ. ಲಿಂಗರಾಜನಿಗೆ ಎರಡು ವರ್ಷ ಬೇಕಾಗಿತ್ತು.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ.

ರಾಜೀನಾಮೆ. ಅಧ್ಯಕ್ಷೆ ರಾಜೀನಾಮೆ ಕೊಡುವುದು ಉಪವಿಭಾಗಾಧಿಕಾರಿಗೆ, ಬರಹದಲ್ಲಿ. ಅದು ನಿಮ್ಮ ಹಕ್ಕು, ನಾನು ಬೇಡ ಅನ್ನಲಾರೆ. ಆದರೆ ಆ ಸ್ಥಾನ ಮಹಿಳೆಗೇ ಮೀಸಲಾಗಿದ್ದರೆ ನಿಮ್ಮ ಜಾಗಕ್ಕೆ ಇನ್ನೊಬ್ಬ ಹೆಣ್ಣುಮಗಳು ಬರುತ್ತಾಳೆ. ಅವಳ ಪಕ್ಕದಲ್ಲೂ ಒಂದು ಕುರ್ಚಿ ಬೀಳುತ್ತದೆ. ನಿಮ್ಮ ಮನೆಯ ಜಗಳ ತಪ್ಪೀತು, ಊರಿನ ರೂಢಿ ಹಾಗೇ ಉಳಿದೀತು. ಆರೋಗ್ಯ ಕೆಟ್ಟಿದ್ದರೆ, ಮನೆಯಲ್ಲಿ ಹೊಡೆತ ಬಡಿತದ ಭಯ ಇದ್ದರೆ ಮಾತು ಬೇರೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಈಗಿನ ಹಾಗೇ ಬಿಡುವುದು. ಇದು ಸುಲಭ ಅನಿಸುತ್ತದೆ. ನಿಜವಾಗಿ ಇದರಲ್ಲೇ ಅಪಾಯ ಜಾಸ್ತಿ. ಪಂಚಾಯಿತಿ ಹಣ ಹೋಗುವುದು ನಿಮ್ಮ ಮತ್ತು ಪಿಡಿಒ ಸಹಿಯಿಂದ. ಈಗ ಹೆಚ್ಚಿನ ಪಾವತಿಗೆ ಡಿಜಿಟಲ್ ಸಹಿ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಡಾಂಗಲ್. ರಸ್ತೆ ಆಗದೆ ಬಿಲ್ಲು ಆಗಿದ್ದರೆ, ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ನೋಟಿಸು ಬರುವುದು ನಿಮ್ಮ ಹೆಸರಿಗೆ. ಹಣ ತುಂಬಿ ಅಂದರೆ ನಿಮಗೆ ಅನ್ನುತ್ತಾರೆ. "ನನ್ನ ಗಂಡ ನೋಡಿಕೊಳ್ಳುತ್ತಿದ್ದರು, ನನಗೆ ಗೊತ್ತಿಲ್ಲ" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಒಂದು ತರಬೇತಿಯಲ್ಲಿ ನಾನು, "ನಿಮ್ಮ ಡಾಂಗಲ್ ಎಲ್ಲಿದೆ?" ಅಂತ ಕೇಳಿದೆ. ಅಲ್ಲಿದ್ದ ಅಧ್ಯಕ್ಷೆಯರಲ್ಲಿ ಕೆಲವರು ಆಫೀಸಿನ ಡ್ರಾಯರ್ ಅಂದರು, ಕೆಲವರು ಯಜಮಾನರ ಹತ್ತಿರ ಅಂದರು. ಒಬ್ಬರು ಮಾತ್ರ ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಏಳನೇ ಕ್ಲಾಸು ಓದಿದವರು ಅವರು. "ಮನೆ ಬೀರುವಿನ ಕೀಲಿ ಯಾರಿಗಾದರೂ ಕೊಡುತ್ತೇವಾ ಮೇಡಂ?" ಅಂತ ಕೇಳಿದರು. ಇಡೀ ಹಾಲ್ ಸುಮ್ಮನಾಯಿತು.

ಮೇಲಿನವರಿಗೆ ದೂರು ಕೊಡುವುದು. ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಇದ್ದಾರೆ. ಸದಸ್ಯರಲ್ಲದವರು ಸದಸ್ಯರ ಹಾಗೆ ಕೂತು ಸಭೆ ನಡೆಸುವಂತಿಲ್ಲ, ನಿಮ್ಮ ಮಾತು ಗಟ್ಟಿ. ಗಂಡಂದಿರ ಆಡಳಿತವನ್ನು ನಿಲ್ಲಿಸುವುದು ಹೇಗೆ ಅಂತ ನೋಡಲು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿಯನ್ನೇ ಮಾಡಿತ್ತು. 2024ರಲ್ಲಿ ಮಹಾರಾಷ್ಟ್ರದ ಒಬ್ಬ ಮಹಿಳಾ ಸರಪಂಚರನ್ನು ಕೆಳಗಿಳಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹೆಣ್ಣೊಬ್ಬಳು ಆ ಕುರ್ಚಿಯಲ್ಲಿ ಕೂತದ್ದನ್ನು ಊರಿನವರು ಒಪ್ಪಿಕೊಳ್ಳಲಾಗದ ಕೇಸು ಇದು ಅಂತಲೂ ಹೇಳಿತು. ಆದರೆ ನಿಮ್ಮ ಸಂಗತಿಯಲ್ಲಿ ಮೊದಲೇ ದೂರು ಕೊಟ್ಟರೆ ಅದು ಗಂಡನ ಮೇಲಿನ ದೂರಾಗುತ್ತದೆ. ಎದುರು ಗುಂಪಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಪಿಡಿಒ ನಿಮ್ಮ ಮಾತು ಎರಡು ಮೂರು ಸಲವೂ ಕೇಳದಿದ್ದರೆ ಆಗ ಬರ್ಕೊಡಿ, ಅದೂ ಪಿಡಿಒ ಬಗ್ಗೆ.

ನಾನು ನಿಮಗೆ ಹೇಳುವ ದಾರಿ ಇನ್ನೊಂದು. ನಿಧಾನದ ದಾರಿ. ಮೊದಲು ಗಂಡನ ಹತ್ತಿರ ಮಾತಾಡಿ. ಸಭೆಯ ದಿನ ಬೇಡ, ಊಟ ಆದ ಮೇಲೆ ಸಮಾಧಾನವಾಗಿ ಕೂತಾಗ. "ನೀವು ಯಾಕೆ ಬರ್ತೀರಿ" ಅಂತ ಶುರು ಮಾಡಬೇಡಿ. ಲೆಕ್ಕ ಪರಿಶೋಧನೆಯ ಮಾತಿನಿಂದ ಶುರು ಮಾಡಿ. "ನಾಳೆ ಏನಾದರೂ ಆದರೆ ನೋಟಿಸು ನನಗೆ ಬರುತ್ತದೆ, ಹಾಗಾಗಿ ನನಗೆ ಎಲ್ಲ ಗೊತ್ತಿರಬೇಕು" ಅಂದರೆ ಕೆಟ್ಟವರಲ್ಲದ ಗಂಡನಿಗೆ ಅರ್ಥವಾಗುತ್ತದೆ. ಅವರು ಜೀಪಿನಲ್ಲಿ ಬಿಡಲಿ, ಕರೆದುಕೊಂಡು ಬರಲಿ. ರಸ್ತೆ, ಮೋರಿಯ ಎಸ್ಟಿಮೇಟು ಮನೆಯಲ್ಲಿ ವಿವರಿಸಲಿ. ಸಭೆಯ ಕೋಣೆಯ ಹೊಸ್ತಿಲು ಮಾತ್ರ ದಾಟುವುದು ಬೇಡ. ಈ ಒಂದು ಗೆರೆ ಸಾಕು. ಮನೆಯಲ್ಲಿ ಎಷ್ಟು ಬೇಕಾದರೂ ಸಲಹೆ ಕೇಳಿ, ಕೇಳುವುದರಲ್ಲಿ ಸಣ್ಣತನ ಇಲ್ಲ. ಅಕ್ಕಾದೇವಿಯೂ ಮಂತ್ರಿಗಳನ್ನು ಕೇಳಿಯೇ ಸೂಡಿಯ ಕಟ್ಟಳೆ ಬರೆಸಿದಳು.

ಆಮೇಲೆ ಪಂಚಾಯಿತಿಯ ಬೇರೆ ಸದಸ್ಯೆಯರನ್ನು ಮನೆಗೆ ಕರೆಯಿರಿ. ಅರ್ಧದಷ್ಟು ಜನ ಹೆಂಗಸರೇ ಇರುತ್ತಾರೆ. ಅವರ ಪೈಕಿ ಕೆಲವರ ಗಂಡಂದಿರೂ ಸಭೆಗೆ ಬರುತ್ತಿರಬಹುದು. ಒಬ್ಬರೇ ಗಂಡನನ್ನು ಹೊರಗೆ ಕೂರಿಸಿದರೆ ಅದು ಮನೆಯ ಜಗಳ. ಎಲ್ಲರೂ ಒಟ್ಟಿಗೆ "ಇನ್ನು ಮುಂದೆ ಸದಸ್ಯರು ಮಾತ್ರ" ಅಂತ ನಿರ್ಣಯ ಮಾಡಿದರೆ ಅದು ಪಂಚಾಯಿತಿಯ ನಿಯಮ. ಯಾರಿಗೂ ಮುಖಭಂಗ ಇಲ್ಲ. ಸಂಜೀವಿನಿ ಒಕ್ಕೂಟದವರನ್ನು, ಸ್ತ್ರೀಶಕ್ತಿ ಸಂಘದವರನ್ನು ಮಹಿಳಾ ಗ್ರಾಮ ಸಭೆಗೆ ಕರೆಸಿ. ಲೈನ್ ಮನೆಗಳ ಕುಡಿಯುವ ನೀರು, ಹೋಮ್‌ಸ್ಟೇಗಳ ಕಸ, ಅಂಗನವಾಡಿಯ ಸೋರುವ ಮಾಡು, ಇಂಥ ಯಾವುದಾದರೂ ಒಂದು ಕೆಲಸ ಹಿಡಿದು ಮುಗಿಸಿ. ಒಂದೇ ಸಾಕು. ನಲ್ಲಿಯಲ್ಲಿ ನೀರು ಬಂದ ಮೇಲೆ ಜನ ನಿಮ್ಮ ನಂಬರ್ ತಾವೇ ಹುಡುಕಿಕೊಳ್ಳುತ್ತಾರೆ.

ಈ ದಾರಿಯಲ್ಲೂ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮೊದಲ ಎರಡು ಸಭೆಯಲ್ಲಿ ನಿಮ್ಮ ಧ್ವನಿ ನಡುಗಬಹುದು. ಯಾರಾದರೂ ಕೊಂಕು ಆಡಬಹುದು. ಒಂದು ತಪ್ಪು ನಿರ್ಣಯವೂ ಆಗಬಹುದು, ಅದನ್ನು ಮುಂದಿನ ಸಭೆಯಲ್ಲಿ ಸರಿ ಮಾಡಬಹುದು. ಬಿಲ್ಲುಗಳನ್ನು ನೀವೇ ಓದಲು ಶುರು ಮಾಡಿದರೆ ಕೆಲವರಿಗೆ ಇಷ್ಟವಾಗುವುದಿಲ್ಲ, ಅವಿಶ್ವಾಸದ ಮಾತು ಎತ್ತಬಹುದು. ಸದಸ್ಯೆಯರ ಜೊತೆ ಮೊದಲೇ ಒಗ್ಗಟ್ಟಾಗಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ನಿಮ್ಮ ಅವಧಿ 30 ತಿಂಗಳು. ಅದರಲ್ಲಿ ಎಷ್ಟು ಕಳೆದಿದೆಯೋ ನೀವು ಬರೆದಿಲ್ಲ. ಉಳಿದದ್ದು ಆರು ತಿಂಗಳೇ ಇದ್ದರೂ ಶುರು ಮಾಡಿ.

ಈ ವಾರ ಮೂರು ಕೆಲಸ ಮಾಡಿ. ಪಂಚಾಯಿತಿ ಆಫೀಸಿಗೆ ನೀವೇ ಹೋಗಿ ಡಾಂಗಲ್ ಎಲ್ಲಿದೆ ಅಂತ ಕೇಳಿ ಪಡೆಯಿರಿ, ಪಾಸ್‌ವರ್ಡ್ ಬದಲಿಸಿ. ಒಟಿಪಿ ಯಾವ ಮೊಬೈಲಿಗೆ ಬರುತ್ತದೆ ನೋಡಿ, ನಿಮ್ಮದಲ್ಲದಿದ್ದರೆ ನಿಮ್ಮದು ಮಾಡಿಸಿ. ಕಳೆದ ಆರು ತಿಂಗಳ ನಡಾವಳಿ ಪುಸ್ತಕ ಅಲ್ಲೇ ಕೂತು ಓದಿ. ಬಿಕಾಂ ಓದಿದ್ದೀರಿ, ಲೆಕ್ಕ ನಿಮಗೆ ಹೊಸದಲ್ಲ. ಹೊರಡುವಾಗ ಪಿಡಿಒ ಅವರಿಗೆ ನಿಮ್ಮ ನಂಬರ್ ಬರೆದುಕೊಟ್ಟು, "ಇನ್ನು ಇದಕ್ಕೇ ಮಾಡಿ" ಅನ್ನಿ.

ಮುಂದಿನ ಸಭೆ ಹೇಗಾಯಿತು ಅಂತ ಬರೆಯಿರಿ. ಐನ್‌ಮನೆಗೆ ಹೋದಾಗ ಪಟ್ಟೆದಾರರಿಗೆ ಇಬ್ಬರು ದೇವಮ್ಮಾಜಿಯರ ಕತೆ ಹೇಳಿ. ಅವರು ಏನಂದರು ಅನ್ನುವುದನ್ನೂ ನನಗೆ ತಿಳಿಸಿ.